ಹಾಡಬೇಡ, ಹೇಳು

ಜುಲೈ 8, ಮಂಗಳವಾರ

ಇವತ್ತೂ ಅದೇ ಕಥೆ. ಏಳರ ಮಗ್ಗಿಯ ಹಾಡು ಅರ್ಧಕ್ಕೆ ನಿಂತು ಟಾಯ್ಲೆಟ್ ಕ್ಲೀನರ್ ಜಾಹೀರಾತು. ನನ್ನ ಮೂರನೇ ಕ್ಲಾಸು ಅದನ್ನೂ ರಾಗವಾಗಿ ಹಾಡಿತು. ನಗಬಾರದೆಂದು ತುಟಿ ಕಚ್ಚಿ ತಿರುಗಿದರೆ ಕಿಟಕಿಯಲ್ಲಿ ಹೆಡ್ ಸರ್.

ಮಧ್ಯಾಹ್ನ ಆಫೀಸಿಗೆ ಕರೆದು ಮಂಗಳಾರತಿ. ಇದು ಶಾಲೆಯೋ ಆರ್ಕೆಸ್ಟ್ರಾವೋ. ಪಾಠ ಮಾಡಲು ಬಾರದವರು ಆನ್‌ಲೈನ್ ಹಾಡು ಹಚ್ಚಿ ಕೂರುತ್ತಾರಂತೆ. ದಿನಾ ಸಂಜೆ ಎಷ್ಟು ಕಸ ಕೆದಕಿ ಒಂದು ಹಾಡು ಆರಿಸುತ್ತೇನೆ ಎಂದು ಈ ಮನುಷ್ಯನಿಗೇನು ಗೊತ್ತು.

ಜುಲೈ 10

ಗುಬ್ಬಿ ಹಾಡಿದಳು. ಬರೆದಿಡಲೇಬೇಕು.

ಗುಬ್ಬಿ ಎಂದರೆ ಎರಡನೇ ಬೆಂಚಿನ ಸಣಕಲಿ, ಟೈಲರ್ ಅಕ್ಕನ ಮಗಳು. ಮಾತು ತೊದಲು. 'ಮಿಸ್' ಅನ್ನುವಷ್ಟರಲ್ಲೇ ಸುಸ್ತಾಗಿ ಕೂತುಬಿಡುತ್ತಾಳೆ. ಹಾಜರಿಗೆ ಕೈ ಎತ್ತುವುದಷ್ಟೇ. ಇವತ್ತು ಹಾಡಿಗೆ ದನಿ ಸೇರಿಸಿದಳು. ನಾನು ಸ್ಪೀಕರ್ ಸದ್ದು ಇಳಿಸುತ್ತ, ಇಳಿಸುತ್ತ... ಆರಿಸಿಯೇಬಿಟ್ಟೆ. ಅವಳಿಗೆ ಗೊತ್ತೇ ಆಗಲಿಲ್ಲ. ಏಳೊಂದ್ಲ ಏಳರಿಂದ ಎಪ್ಪತ್ತರವರೆಗೆ ಒಬ್ಬಳೇ, ಕಣ್ಣು ಮುಚ್ಚಿ, ಎಲ್ಲೂ ಎಡವದೆ. ಕಣ್ಣು ಬಿಟ್ಟರೆ ಇಡೀ ಕ್ಲಾಸು ಇವಳತ್ತ ತಿರುಗಿ ಕೂತಿದೆ. ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು.

ಮನೆಗೆ ಬಂದು ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, "ಹಾಗಾದ್ರೆ ನಿಮ್ಮ ಹೆಡ್ ಸರ್‌ಗೂ ಒಂದು ಹಾಡು ಹಾಕು" ಅಂದರು.

ಜುಲೈ 21

ವೈಫೈ ಪಾಸ್‌ವರ್ಡ್ ಬದಲಾಗಿದೆ. ನನಗೊಬ್ಬಳಿಗೇ ಹೇಳಿಲ್ಲ. ಗುಮಾಸ್ತರನ್ನು ಕೇಳಿದರೆ ನೆಲ ನೋಡುತ್ತಾರೆ. ಸ್ಪೀಕರ್ ಬೀರುವಿನೊಳಗೆ, ಬೀಗದ ಕೈ ಹೆಡ್ ಸರ್ ಜೇಬಿನಲ್ಲಿ. ನಾನು ಮನೆಯಿಂದ ಒಯ್ದ ಸ್ಪೀಕರ್ ಅದು.

ಸರಿ. ಬಾಯಲ್ಲೇ ಹಾಡಿಸಿದೆ. ನನ್ನ ಗಂಟಲು ದೇವರಿಗೇ ಪ್ರೀತಿ. ಮಕ್ಕಳು ಪಾಪ, ಸಹಿಸಿಕೊಂಡರು.

ಆಗಸ್ಟ್ 6, ಸಂಜೆ 5



ಇವತ್ತು ಬಾಯಿಪರೀಕ್ಷೆ. ಹೆಡ್ ಸರ್ ತಾವೇ ಬಂದು ನನ್ನ ಕುರ್ಚಿಯಲ್ಲಿ ಕೂತರು, ನಾನು ಪಕ್ಕದ ಸ್ಟೂಲಿನಲ್ಲಿ. ಗುಬ್ಬಿಯ ಪಾಲಿಗೆ ಏಳರ ಮಗ್ಗಿ ಬಂತು. ಕಣ್ಣು ಮುಚ್ಚಿ ರಾಗ ಎತ್ತಿದಳು.

"ಹಾಡಬೇಡ. ಹೇಳು."

ನಿಂತುಹೋದಳು. ಏ... ಏ... ಕತ್ತಿನ ನರ ಉಬ್ಬಿತು, ಮಾತು ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಅವಳಿಗೆ ಬರುತ್ತೆ ಸರ್, ಹಾಡಲು ಬಿಡಿ ಎಂದು ಎದ್ದೆ. ಮಕ್ಕಳನ್ನು ಕೂರಿಸುವಂತೆ ಕೈ ಬೀಸಿದರು. ಸೊನ್ನೆ ಹಾಕಿದರು. ಇವಳನ್ನು ಎರಡನೇ ಕ್ಲಾಸಿಗೆ ಇಳಿಸಿ ಎಂದರು, ಅವಳೆದುರಿಗೇ. ಗುಬ್ಬಿ ಅಳಲಿಲ್ಲ. ಸ್ಕರ್ಟ್ ಒದ್ದೆಯಾಗಿತ್ತು.

ನಾನು ಕೂತಿದ್ದೆ. ಕೈ ಬೀಸಿದ ತಕ್ಷಣ ಕೂತುಬಿಟ್ಟಿದ್ದೆ.

ಲೋಟ ತೊಳೆಯುವಾಗ ಒಂದು ಒಡೆಯಿತು. ಒಡೆದೆ.

ಆಗಸ್ಟ್ 7

ಗುಬ್ಬಿ ಬಂದಿಲ್ಲ.

ಆಗಸ್ಟ್ 8

ಇವತ್ತೂ ಇಲ್ಲ.

ಆಗಸ್ಟ್ 11

ಟೈಲರ್ ಅಂಗಡಿಗೆ ಹೋದೆ. ಗುಬ್ಬಿ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತ ಕೂತಿದ್ದಳು. ನನ್ನನ್ನು ಕಂಡದ್ದೇ ಪರದೆಯ ಹಿಂದೆ ಸರಿದಳು. ಸಮಾಧಾನ ಹೇಳಲು ಹೋದವಳಿಗೆ ಅಕ್ಕನಿಂದ ಸರಿಯಾಗೇ ಬಿತ್ತು.

"ನೀವೇ ಹಾಡ್ಸಿದ್ರಿ, ನೀವೇ ಸುಮ್ನೆ ಕೂತ್ರಿ. ಈಗ ಮನೇಲೂ ಹಾಡೋದು ಬಿಟ್ಟಿದಾಳೆ ಮಿಸ್."

ನಾಳೆ ನನ್ನ ಜೊತೆ ಆಫೀಸಿಗೆ ಬನ್ನಿ, ಅವಳನ್ನೂ ಕರೆತನ್ನಿ ಎಂದೆ. ಅಕ್ಕ ಇಡೀ ತೋಳು ಹೊಲಿದು ಮುಗಿಸಿದರು. ಆಮೇಲೆ ದಾರ ಕತ್ತರಿಸಿ, ಎಷ್ಟು ಗಂಟೆಗೆ ಎಂದು ಕೇಳಿದರು.

ಆಗಸ್ಟ್ 12

ಹೆಡ್ ಸರ್ ಮೊದಲು ನಿಯಮದ ಪುರಾಣ ಬಿಚ್ಚಿದರು. ದೊಡ್ಡ ಪರೀಕ್ಷೆಗಳಲ್ಲಿ ಹಾಡುತ್ತಾರೆಯೇ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಇತ್ಯಾದಿ. ನನಗೆ ತಲೆ ಕೆಟ್ಟಿತು.

"ನೀವು ಪರೀಕ್ಷೆ ಮಾಡಿದ್ದು ಮಗ್ಗೀನೋ, ಆ ಮಗೂ ನಾಲಿಗೇನೋ?"

ಪಕ್ಕದಲ್ಲಿ ಗುಮಾಸ್ತರ ಟೈಪಿಂಗ್ ನಿಂತಿತು. ಆ ಸೊನ್ನೆಗೆ ಕ್ಲಾಸ್ ಟೀಚರ್ ಸಹಿ ಬೀಳುವುದಿಲ್ಲ ಎಂದೆ. ಮೆಮೊ ಕೊಡುತ್ತೇನೆ ಎಂದರು. ಕೊಡಿ ಎಂದೆ.

ಆಗ ಟೈಲರ್ ಅಕ್ಕ ಬಾಯಿಬಿಟ್ಟರು. "ನಾನೂ ಹೀಗೇ ತೊದಲ್ತಿದ್ದೆ ಸರ್. ನಾಲ್ಕನೇ ಕ್ಲಾಸಲ್ಲಿ ಎಲ್ಲಾರೂ ನಕ್ರು. ಮಾರನೇ ದಿನದಿಂದ ಹೋಗ್ಲೇ ಇಲ್ಲ. ಇವಳಿಗೆ ಹಾಗಾಗೋಕೆ ನಾನು ಬಿಡಲ್ಲ."

ಹೆಡ್ ಸರ್ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. ಸರಿ, ಹಾಡಲಿ ಎಂದರು.

ಗುಬ್ಬಿ ಹಾಡಲಿಲ್ಲ. ಅಮ್ಮನ ಸೆರಗೊಳಗೆ ಮುಖ. ಕಾದೆವು. ಕೊನೆಗೆ ನಾನೇ ನನ್ನ ಒಡಕು ಗಂಟಲಲ್ಲಿ ಶುರು ಮಾಡಿದೆ — ಏಳೊಂದ್ಲ ಏಳು, ಏಳೆರಡ್ಲ... ರಾಗ ಎಲ್ಲಿಗೋ ಹೋಯಿತು. ಗುಬ್ಬಿ ತಲೆ ಎತ್ತಿ ಮುಖ ಕಿವುಚಿದಳು. ತಡೆಯಲಾಗದೆ ನನ್ನ ರಾಗ ತಿದ್ದಲು ದನಿ ತೆಗೆದಳು. ತಿದ್ದಿ, ಹಾಗೇ ಎಪ್ಪತ್ತರವರೆಗೆ ಹೋಗಿಬಿಟ್ಟಳು.

ಹೆಡ್ ಸರ್ ಸೊನ್ನೆ ಹೊಡೆದುಹಾಕಿ ಹತ್ತು ಬರೆದರು. ಮಗುವಿಗೆ ಒಂದು ಒಳ್ಳೆಯ ಮಾತು? ಇಲ್ಲ. ಆ ಬಾಯಿಗೆ ಅದು ಬರುವುದಿಲ್ಲ.

ಆಗಸ್ಟ್ 23, ಶನಿವಾರ

ಪೇರೆಂಟ್ಸ್ ಮೀಟಿಂಗ್. ಹೆಡ್ ಸರ್ ಮೈಕ್ ಹಿಡಿದು, 'ಹಾಡಿನ ಮೂಲಕ ಕಲಿಕೆ, ಇದು ನಾನು ಬಹುಕಾಲದಿಂದ ಯೋಚಿಸಿದ್ದ ಯೋಜನೆ' ಎಂದರು. ಚಪ್ಪಾಳೆ. ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನ ಮೆಮೊನೂ ಕೈಗೆ ಬಂತು: ಮೇಲಧಿಕಾರಿಯೊಂದಿಗೆ ಏರುದನಿ. ಎರಡೂ ಒಂದೇ ದಿನ! ನಾಚಿಕೆ ಅನ್ನುವುದು ಬೇಡವೇ ಮನುಷ್ಯನಿಗೆ.

ಸ್ಪೀಕರ್ ಮಾತ್ರ ಕ್ಲಾಸಿಗೆ ವಾಪಸ್. ಪಾಸ್‌ವರ್ಡೂ ಸಿಕ್ಕಿತು.

ಆಗಸ್ಟ್ 26, ಸಂಜೆ

ವಿಜ್ಞಾನ. ಕೀಟಗಳ ಹೊಸ ಹಾಡು ಹಾಕಿದೆ. ಒಳ್ಳೆ ತಾಳ, ಮಕ್ಕಳು ಬೆಂಚು ಬಡಿದರು. ಗುಬ್ಬಿ ಕೈ ಎತ್ತಿದಳು. ಬಾತ್‌ರೂಮಿಗೆ ಇರಬೇಕು ಎಂದುಕೊಂಡೆ.

"ಮಿ... ಮಿಸ್. ಜೇ... ಜೇ..."

ರಾಗ ಇಲ್ಲ. ಬರೀ ಮಾತು. ಪದ ನಾನೇ ಹೇಳಿಬಿಡೋಣ ಎನ್ನಿಸಿತು. ಬಾಯಿ ಬಿಗಿ ಹಿಡಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ನಗಲು ಹೊರಟ, ಅವನ ಪಕ್ಕದವಳೇ ಮೊಣಕೈಯಲ್ಲಿ ತಿವಿದಳು. ಎಲ್ಲರೂ ಕಾದರು.

"ಜೇ... ಜೇಡ ಕೀಟ ಅಲ್ಲ. ಅದಕ್ಕೆ ಎಂ... ಎಂಟು ಕಾಲು. ಈ ಹಾಡು ಸು... ಸುಳ್ಳು ಹೇಳ್ತಿದೆ."

ಹೌದು. ಕೀಟಕ್ಕೆ ಆರೇ. ಹಾಡು ಜೇಡವನ್ನೂ ಆರು ಕಾಲಿನವರ ಸಾಲಿಗೆ ಸೇರಿಸಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಲಕ್ಷಗಟ್ಟಲೆ ಮಕ್ಕಳು ಕೇಳುವ ಹಾಡು, ಮಾಡಿದವರಿಗೆ ಒಂದು ಜೇಡ ಹಿಡಿದು ಕಾಲು ಎಣಿಸಲು ಏನು ರೋಗ?

ಸಾಲು ನಾವೇ ತಿದ್ದೋಣ ಎಂದೆ. ಬೆಲ್ ಹೊಡೆಯುವವರೆಗೆ ಜಗಳ. ನಾಳೆಗೆ ನಾನೂ ಒಂದು ಬರೆದು ತರಬೇಕಂತೆ, ಗುಬ್ಬಿಯ ಹುಕುಂ. ಕೂತಿದ್ದೇನೆ. ಆರು ಕಾಲಿನ ತಾಳಕ್ಕೆ ಎಂಟು ಕಾಲು ಕೂರುತ್ತಿಲ್ಲ. ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ. ನಗಲಿ. ಜೇಡಣ್ಣ ಜೇಡಣ್ಣ, ಎಂಟು ಕಾಲ... ಊಹೂಂ. ಕಾಲೆಂಟು ಜೇಡಕ್ಕೆ, ಕೀಟ ನೀನಲ್ಲ... ಬಂತು, ಹತ್ತಿರ ಬಂತು. ಕಾಲೆಂಟು —