ಶಾಲೆ ಇಳಿಜಾರಿಗೆ ಒಂದು ಸ್ಕೋಪು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಎರಡು ಆಯಿಲ್ ಸರ್ವಿಸ್, ಒಂದು ಕ್ಲಚ್. ಕ್ಲಚ್‌ನವನು ಬ್ರೇಕ್ ಶೂ ಬೇಡವೆಂದು ಹಟ ಹಿಡಿದಿದ್ದ, ಮಾತಿನಲ್ಲೇ ದಾರಿಗೆ ತಂದೆ. ನಿಜವಾಗಿಯೂ ಸವೆದಿತ್ತು. ಬೇಡದ್ದನ್ನು ಮಾರುವುದಿಲ್ಲ, ಬೇಕಾದದ್ದನ್ನು ಮಾರದೆ ಬಿಡುವುದೂ ಇಲ್ಲ.

ಊಟಕ್ಕೆ ಮುಂಚೆ ಅಕ್ಕ ಬಂದಳು. ಅವಳು ಓಡಿಸುವ ಶಾಲೆ ವ್ಯಾನಿನ ಬಾಗಿಲು ಹಾಕಿದ ಸದ್ದಿಗೇ ಗೊತ್ತಾಯಿತು.

"ಮತ್ತೆ ಆಫ್ ಆಯ್ತು ಕಣೋ."

"ಎಲ್ಲಿ?"

"ಅಲ್ಲೇ. ಶುಕ್ರವಾರ, ಶಾಲೆ ಬಿಟ್ಟ ಮೇಲೆ, ಇಳಿಜಾರಲ್ಲಿ. ಮಕ್ಕಳೆಲ್ಲ ಒಳಗಿದ್ವು."

ಹೋದ ತಿಂಗಳು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಬದಲಿಸಿದೆ. ಆಮೇಲೆ ಅದಕ್ಕೆ ಕರೆಂಟ್ ಕೊಡುವ ರಿಲೇ. ಎರಡು ಸಲವೂ "ಇನ್ನು ನಿಶ್ಚಿಂತೆಯಿಂದ ಓಡಿಸು" ಎಂದೆ. ಸ್ಕ್ಯಾನರ್ ಹಾಕಿದರೆ ದೋಷದ ಒಂದು ಕೋಡೂ ಇಲ್ಲ. ಕೇಳಿದ್ದಕ್ಕೆಲ್ಲ "ಸರಿ ಸ್ವಾಮಿ" ಅನ್ನುವ ಗುಮಾಸ್ತನ ಹಾಗೆ.

ಎಂಜಿನ್ ನಿಂತರೆ ಸ್ಟಿಯರಿಂಗ್ ಕಲ್ಲು. ಬ್ರೇಕ್ ಒಂದೆರಡು ಸಲ ಹಿಡಿದೀತು, ಆಮೇಲೆ ಎದ್ದು ನಿಂತು ತುಳಿಯಬೇಕು. ಶಾಲೆ ಗುಡ್ಡದ ಮೇಲೆ, ದಾರಿ ಅದೊಂದೇ. ಇಳಿದ ಕೂಡಲೇ ತಿರುವು. ತಿರುವಿನಾಚೆ ಕಾಲುವೆ. ಕಟ್ಟೆ ಮೊಣಕಾಲೆತ್ತರ.

ಈ ವಾರ ಶಾಲೆಗೆ ರಜೆ. ವ್ಯಾನು ನನ್ನ ಬಳಿ. ಸೋಮವಾರದೊಳಗೆ ಹಿಡಿಯಬೇಕು.

ಮಾರ್ಚ್ 4

ಅನುಮಾನ ಒಂದು ಸೆನ್ಸರ್ ಮೇಲೆ. ಎಂಜಿನ್ ತಿರುಗುವ ಚಕ್ರಕ್ಕೆ ಹಲ್ಲುಗಳಿವೆ, ಅದು ಹಲ್ಲು ಎಣಿಸುತ್ತ ಕೂತಿರುತ್ತದೆ. ಎಣಿಕೆ ತಪ್ಪಿತೋ, ಎಂಜಿನ್ ನಿಂತೇ ಹೋಗಿದೆ ಎಂದುಕೊಂಡು ವ್ಯಾನಿನ ಕಂಪ್ಯೂಟರು ಪೆಟ್ರೋಲು ಕಟ್ ಮಾಡುತ್ತದೆ. ಅಥವಾ ಕಂಪ್ಯೂಟರಿಗೆ ಬರುವ ಕರೆಂಟೇ ಕೈಕೊಡುತ್ತಿರಬಹುದು. ಅಥವಾ ನಡುವಿನ ವಯರು.

ಸೆನ್ಸರ್ ಬದಲಿಸಿ ಕೈತೊಳೆದುಕೊಳ್ಳಬಹುದು. ಪಂಪನ್ನೂ ಹಾಗೇ ಬದಲಿಸಿದ್ದು. ಮೂರನೇ ಸಲ ಊಹೆಯ ಮೇಲೆ ಅಕ್ಕನನ್ನು ಅಲ್ಲಿಗೆ ಕಳಿಸಲಾರೆ. ಕಣ್ಣಾರೆ ನೋಡಬೇಕು. ಅಂದರೆ ಆಸಿಲೋಸ್ಕೋಪ್. ವಯರಿನೊಳಗಿನದನ್ನು ಪರದೆ ಮೇಲೆ ಅಲೆಯಾಗಿ ಬರೆದು ತೋರಿಸುವ ಯಂತ್ರ. ಇಷ್ಟು ವರ್ಷ ಅದಿಲ್ಲದೆ ಗ್ಯಾರೇಜ್ ನಡೆಸಿದೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಈಗ ಅದೇ ಎದೆ ಬೇರೆ ಥರ ಬಡಿದುಕೊಳ್ಳುತ್ತಿದೆ.

ಮಾರ್ಚ್ 5, ಬುಧವಾರ

ಮೀಟರ್ ಅಂಗಡಿ. ಗಾಜಿನ ಕಪಾಟು, ಬೆಸುಗೆ ವಾಸನೆ. ಸೆನ್ಸರಿನ ಕಥೆ ಕೇಳಿ ಅಂಗಡಿಯಾಕೆ ಮೂರು ಸ್ಕೋಪು ಮುಂದಿಟ್ಟಳು. ಒಂದು ಅಂಗೈಯಗಲ — ಆಟಿಕೆ, ಅವಳೇ ಪಕ್ಕಕ್ಕೆ ಸರಿಸಿದಳು. ಎರಡನೆಯದು ಲ್ಯಾಪ್‌ಟಾಪಿಗೆ ಹಾಕುವುದು, ಎರಡು ವಯರು ಒಟ್ಟಿಗೆ ನೋಡಲು ಎರಡು ಚಾನೆಲ್, ವೇಗ ನೂರು ಮೆಗಾಹರ್ಟ್ಸ್, ಬೆಲೆ ನನ್ನ ಜೇಬಿಗೆ ಅಳತೆ ಕೊಟ್ಟು ಹೊಲಿಸಿದಂತೆ. ಮೂರನೆಯದೂ ಅಂಥದ್ದೇ, ಎರಡು ಚಾನೆಲ್. ಇಪ್ಪತ್ತೇ ಮೆಗಾಹರ್ಟ್ಸ್, ಬೆಲೆ ಮಾತ್ರ ಎರಡರಷ್ಟು.

"ಕಡಿಮೆ ಮಾಲಿಗೆ ಜಾಸ್ತಿ ರೇಟಾ ಮೇಡಂ?"

"ಕಾರಿಗೆ ನೂರು ಮೆಗಾಹರ್ಟ್ಸ್ ಯಾಕೆ ಸರ್? ಮೆಮೊರಿ ಕೇಳಿ. ಇದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿದ್ರೂ ಒಂದೊಂದು ಹಲ್ಲೂ ಉಳಿಯತ್ತೆ. ನೀವು ಹಿಡ್ಕೊಂಡಿರೋದ್ರಲ್ಲಿ ಉಳಿಯಲ್ಲ."

ನಕ್ಕುಬಿಟ್ಟೆ. ಗಿರಾಕಿ ಒಂದು ಕೇಳಿದರೆ "ಅದಲ್ಲ ಸರ್, ಇದು" ಎಂದು ಪಕ್ಕದ್ದಕ್ಕೆ ಎಳೆಯುವುದು. ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಮಾಡುವುದೇ ಅದು! ಮಾತು ಮಾರುವವನಿಗೇ ಮಾತು ಮಾರಲು ಬಂದಳು.

ನೂರು ಮೆಗಾಹರ್ಟ್ಸಿನದ್ದೇ ತಂದೆ.

ಮಾರ್ಚ್ 7, ಶುಕ್ರವಾರ

ಗ್ಯಾರೇಜಿನಲ್ಲಿ ನಿಂತ ವ್ಯಾನಿಗೆ ಹಾಕಿದೆ. ಆಹಾ. ಬಾಚಣಿಗೆಯಂತೆ ಹಲ್ಲು, ಹಲ್ಲು, ಹಲ್ಲು. ದುಡ್ಡು ಸಾರ್ಥಕ ಅನ್ನಿಸಿತು.

ಆಮೇಲೆ ಖಾಲಿ ವ್ಯಾನು, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್, ಅದಕ್ಕೂ ಬೆಲ್ಟು. ಗುಡ್ಡ ಹತ್ತಿ ಹಾಗೇ ತಿರುಗಿಸಿ ಇಳಿದೆ. ಮೂರು ಸಲ. ಪರದೆಗೆ ಹತ್ತು ಸೆಕೆಂಡ್ ಇಟ್ಟಿದ್ದೆ, ಹಲ್ಲುಗಳೆಲ್ಲ ಒತ್ತೊತ್ತಾಗಿ ಬಣ್ಣ ಬಳಿದಂತೆ ದಪ್ಪ ಪಟ್ಟಿ, ಎಲ್ಲೂ ತೂತಿಲ್ಲ. ಎಂಜಿನ್ನೂ ನಿಲ್ಲಲಿಲ್ಲ. ಸೆನ್ಸರ್ ಪಾಸ್. ಬ್ಯಾಟರಿಯ ಅರ್ಥ್ ವಯರು ಹಸಿರು ಕಟ್ಟಿತ್ತು, ಉಜ್ಜಿ ಬಿಗಿಮಾಡಿದೆ. ಇದೇ ಕಳ್ಳ.

ಸಂಜೆ ಅಕ್ಕನಿಗೆ ಕೀ ಕೊಟ್ಟೆ. ಭಾವ ಅಲ್ಲೇ ಇದ್ದರು.

"ಏನಪ್ಪಾ ಡಾಕ್ಟ್ರೇ, ರೋಗಿ ಬದುಕ್ತಾನಾ?"

"ನಿಮಗಿಂತ ಗಟ್ಟಿ ಇದ್ದಾನೆ ಭಾವ."

ಅಕ್ಕ ನಗಲಿಲ್ಲ. "ಸರಿಯಾಗಿದೆ ತಾನೆ?" ಎಂದಳು. "ಸರಿಯಾಗಿದೆ" ಎಂದೆ.

ಮಾರ್ಚ್ 10, ಸೋಮವಾರ, ಮಧ್ಯಾಹ್ನ

ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ನನಗೇ ಓದಲಾಗದು.

ಒಬ್ಬ ಗಿರಾಕಿಗೆ ಹೊಸ ಯಂತ್ರ ತೋರಿಸಿ ಮೆರೆಯಲು ಹೋದೆ. ಅವನ ಕಾರಿಗೇ ಹಾಕಿದೆ. ಹತ್ತು ಸೆಕೆಂಡಿನ ಅದೇ ಪಟ್ಟಿ. "ಈಗ ನೋಡಿ" ಎಂದು ಸೆನ್ಸರಿನ ವಯರನ್ನು ಬೆರಳಿಂದ ಮೀಟಿದೆ. ಎಂಜಿನ್ ಬಿಕ್ಕಿತು. ಪಟ್ಟಿ ಹಾಗೇ ಇತ್ತು.

ಮತ್ತೆ ಮೀಟಿದೆ. ಬಿಕ್ಕಿತು. ಪಟ್ಟಿ ಹಾಗೇ.

ಹಿಗ್ಗಿಸಿ ನೋಡಿದೆ. ಹಲ್ಲುಗಳೇ ಇಲ್ಲ! ಅಲ್ಲೊಂದು ಇಲ್ಲೊಂದು ಚುಕ್ಕೆ, ನಡುವೆ ಗೆರೆ. ಹತ್ತು ಸೆಕೆಂಡ್ ತುಂಬಿಸಲು ಜಾಗ ಸಾಲದೆ ಯಂತ್ರ ಹಲ್ಲು ಬಿಟ್ಟು ಬಿಟ್ಟು ನೋಡಿದೆ, ನೋಡದಿದ್ದ ಕಡೆಯೆಲ್ಲ ಗೆರೆ ಎಳೆದು ಮುಚ್ಚಿದೆ. ಮೆಮೊರಿ ಕೇಳಿ ಸರ್, ಎಂದಿದ್ದಳು.

ಅಂದರೆ ಶುಕ್ರವಾರ ನಾನು ನೋಡಿದ್ದು ಏನೂ ಅಲ್ಲ.

ಇನ್ನೊಂದು ಈಗ ಹೊಳೆಯಿತು. ವ್ಯಾನು ಬೆಳಿಗ್ಗೆ ಒಂದು ದಿನವೂ ನಿಂತಿಲ್ಲ. ಮಧ್ಯಾಹ್ನವೇ. ಅಕ್ಕ ಗೇಟಿನ ಮುಂದೆ ಎಂಜಿನ್ ಆನ್ ಇಟ್ಟು ಮಕ್ಕಳಿಗೆ ಕಾಯುತ್ತಾಳೆ. ಗಾಳಿಯಿಲ್ಲದೆ ಕಾದು ಕೆಂಡವಾಗುತ್ತದೆ, ಆಮೇಲೆ ನೇರ ಇಳಿಜಾರು. ಶುಕ್ರವಾರ ನಾನು ಒಂದು ಸಲವೂ ಹಾಗೆ ಕಾಯಲಿಲ್ಲ.

ಶಾಲೆ ಬಿಡುವ ಹೊತ್ತು. ಅಕ್ಕನ ಫೋನು ರಿಂಗ್ ಆಗುತ್ತಿದೆ, ಅವಳು ಎತ್ತುತ್ತಿಲ್ಲ. ಸ್ಟಿಯರಿಂಗ್ ಹಿಡಿದಾಗ ಪ್ರಳಯವಾದರೂ ಫೋನ್ ಮುಟ್ಟಬೇಡ ಎಂದು ಬೈದು ಕಲಿಸಿದವನು ನಾನೇ.

ಗಿರಾಕಿ ನನ್ನ ಬೈಕಿನ ಕೀ ತರಲು ಒಳಗೆ ಹೋಗಿದ್ದಾನೆ. ಬಂದ. ಹೊರಟೆ

ಅದೇ ದಿನ, ಸಂಜೆ

ಬದುಕಿದ್ದಾರೆ. ಎಲ್ಲರೂ. ಮೊದಲು ಅದನ್ನು ಬರೆಯುತ್ತೇನೆ.

ತಿರುವಿಗಿಂತ ಸ್ವಲ್ಪ ಮೇಲೆ ವ್ಯಾನು ಎಡಗಡೆ ಗೋಡೆಗೆ ಒರಗಿ ನಿಂತಿತ್ತು. ಆಫ್ ಆದ ಕೂಡಲೇ ಗೇರಿನಲ್ಲೇ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬೇಕೆಂದೇ ಗೋಡೆಗೆ ಉಜ್ಜಿಸಿದ್ದಾಳೆ. ಕನ್ನಡಿಯಿಂದ ಹಿಂದಿನ ದೀಪದವರೆಗೆ ತಗಡು ಸುಲಿದಿತ್ತು. ಮಕ್ಕಳು ರಸ್ತೆ ಬದಿಯಲ್ಲಿ ಬ್ಯಾಗ್ ಮೇಲೆ ಕೂತಿದ್ದವು. ಒಂದು ಪುಟ್ಟದು ಕೇಳಿತು:

"ಅಂಕಲ್, ಇನ್ನೊಂದ್ ಸಲ ಹಂಗೇ ಹೋಗೋಣ್ವಾ?"

ಅಕ್ಕ ಇನ್ನೂ ಸೀಟಿನಲ್ಲೇ ಇದ್ದಳು. ಸ್ಟಿಯರಿಂಗ್ ಮೇಲಿಂದ ಅವಳ ಬೆರಳುಗಳನ್ನು ನಾನೇ ಬಿಡಿಸಿದೆ.

"ಸರಿಯಾಗಿದೆ ಅಂದೆ ನೀನು" ಎಂದಳು. ಅಷ್ಟೇ.

ಜೀವನವಿಡೀ ಬಾಯಿಂದ ಬದುಕಿದವನು ನಾನು. ಚಕ್ರಕ್ಕೆ ಕೊಡಲು ಕಲ್ಲು ಹುಡುಕುತ್ತ ಹೋದೆ.

ಮಾರ್ಚ್ 12

ಯಂತ್ರ ವಾಪಸ್ ಒಯ್ದೆ. ಅಂಗಡಿಯಾಕೆ "ಯಾಕೆ ಸರ್" ಎಂದಳು. ಎಲ್ಲ ಹೇಳಿದೆ. ಬೆಣ್ಣೆ ಹಚ್ಚದೆ, ಸುತ್ತು ಬಳಸದೆ. ಹೇಳಿದೆ ಅಲ್ಲ, ತಪ್ಪೊಪ್ಪಿಕೊಂಡೆ ಎನ್ನಬೇಕು.

ಮೆಟ್ಟಿಲು ಹತ್ತಿ ಮೇಲಿನ ಅರೆಯಿಂದ ಒಂದು ಡಬ್ಬಿ ಇಳಿಸಿದಳು.

"ಅವತ್ತು ತೋರಿಸಿದ್ನಲ್ಲ, ಅದೇ ಮೂರನೇ ಮಾಡೆಲ್. ಯಾರೋ ವಾಪಸ್ ಕೊಟ್ಟಿದ್ದು, ಅರ್ಧ ರೇಟಿಗೆ ತಗೊಳ್ಳಿ. ಡಬ್ಬಿ ಹರಿದಿದೆ. ಮೆಮೊರಿ ಹರಿದಿಲ್ಲ."

ಚೌಕಾಸಿ ಮಾಡಲಿಲ್ಲ. ಅವಳಿಗೇ ಗಾಬರಿಯಾದಂತಿತ್ತು.

ಮಕ್ಕಳನ್ನು ಭಾವ ತಮ್ಮ ಕಾರಿನಲ್ಲಿ ಕಂತು ಕಂತಾಗಿ ಬಿಡುತ್ತಿದ್ದಾರೆ. ನನ್ನ ಜೊತೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾರೆ. ಬೈದಿದ್ದರೆ ಎಷ್ಟೋ ವಾಸಿ.

ಮಾರ್ಚ್ 15, ಶನಿವಾರ, ಶಾಲೆ ಗೇಟಿನ ಮುಂದೆ

ಶಾಲೆ ಮುಚ್ಚಿದೆ. ಖಾಲಿ ವ್ಯಾನು. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದೇನೆ. ಎಂಜಿನ್ ಆನ್. ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್, ಅದರ ಅಂಚಿನಲ್ಲಿ ಈ ಪುಸ್ತಕ. ಒಂದು ಚಾನೆಲ್ ಸೆನ್ಸರಿಗೆ, ಇನ್ನೊಂದು ಕಂಪ್ಯೂಟರಿಗೆ ಬರುವ ಕರೆಂಟಿಗೆ. ಯಾವುದು ಮೊದಲು ಹೋಗುತ್ತದೋ ಅದೇ ಕಳ್ಳ.

ಒಬ್ಬನೇ ಬರುತ್ತೇನೆ ಎಂದಿದ್ದೆ. ಅಕ್ಕ ಡ್ರೈವರ್ ಸೀಟಿನಲ್ಲಿ ಬಂದು ಕೂತಳು.

"ನಿನ್ನ ಮಾತು ನಂಬಿ ಮನೇಲಿ ಕೂರ್ಲಾ?"

ಎಂಜಿನ್ ಇಲ್ಲೇ ನಿಲ್ಲದಿದ್ದರೆ ಕಲ್ಲು ತೆಗೆದು ಇಳಿಯಲೇಬೇಕು. ಅವಳು ಓಡಿಸುತ್ತಾಳೆ, ನಾನು ಪರದೆ ನೋಡಬೇಕು. ತಿರುವು ಇಲ್ಲಿಂದಲೇ ಕಾಣುತ್ತದೆ. ಗೋಡೆಯ ಮೇಲೆ ವ್ಯಾನಿನ ಬಣ್ಣವೂ.

ಕಾಯುತ್ತಿದ್ದೇವೆ. ಬಿಸಿಯ ಮುಳ್ಳು ಏರಿದೆ. ವಾಹನ ಕೆಡಲಿ ಎಂದು ಹಂಬಲಿಸುವ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು.

"ಏನ್ ಬರೀತಿದೀಯಾ?"

"ಲೆಕ್ಕ."

"ನನ್ನ ಗೋಡೆ ಲೆಕ್ಕನೂ ಬರ್ಕೋ."

ಹನ್ನೆರಡು ದಿನದಲ್ಲಿ ಅಕ್ಕನ ಮೊದಲ ತಮಾಷೆ. ಅಳು ಬಂದಂತಾಯಿತು, ಪರದೆ ನೋಡಿದೆ. ಹಿಗ್ಗಿಸಿದರೂ ಒಂದೊಂದು ಹಲ್ಲೂ ಇದೆ. ಇದೆ. ಇದೆ.

ಬಾನೆಟ್ಟಿನ ಮೇಲೆ ಕಾದ ಗಾಳಿ ಕುಣಿಯುತ್ತಿದೆ. ಅಕ್ಕ ಕೈ ಚಾಚಿದಳು, "ಸಾಕು ಕಣೋ, ಕಲ್ಲು ತೆಗಿ, ಇಳಿ—" ಅಂದಳು, ಅರ್ಧಕ್ಕೇ ಸುಮ್ಮನಾದಳು.

ಎಂಜಿನ್ ನಿಂತಿದೆ. ಅವಳು ಕೀ ಮುಟ್ಟಿಲ್ಲ.

ಕರೆಂಟಿನ ಗೆರೆ ನೆಟ್ಟಗೆ ಕೊನೆವರೆಗೂ ಇದೆ. ಸೆನ್ಸರಿನದ್ದು, ಎಂಜಿನ್ ನಿಲ್ಲುವ ಮುಂಚೆಯೇ, ಒಂದು ಹಲ್ಲು ಇಲ್ಲ, ಆಮೇಲೆ ಮೂರು ಇಲ್ಲ, ಆಮೇಲೆ

ಅಕ್ಕಾ, ನೋಡಿಲ್ಲಿ