ನೀಲಿ ದಾರದ ಹುಡುಗಿ

ಕಪ್ಪತಗುಡ್ಡ,
ಕ್ರಿ.ಶ. 2217, ಎರಡನೆಯ ಬೇಸಿಗೆ

ನಾನಿನ್ನೂ ಹುಟ್ಟಿರದ ಕಾಲದ ತಾಯಿತಂದೆಯರಿಗೆ ಹುಸೇನಬಿಯ ನಮಸ್ಕಾರ.

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ನಮ್ಮ ವರ್ಷಕ್ಕೆ ಈಗ ಎರಡು ಬೇಸಿಗೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು, ಆದಷ್ಟು ಬಿಡಿಸಿ ಹೇಳುತ್ತೇನೆ. ಸಮಾಧಾನದಿಂದ ಕೂತು ಬರೆಯುವುದಂತೂ ಇವತ್ತು ಆಗದು. ನನ್ನ ಶಿಷ್ಯೆ ದಾನಮ್ಮ ಕಣಿವೆಯ ಅಂಚಿನಲ್ಲಿ ಗಾಳಿ ಹದಕ್ಕೆ ಬರಲೆಂದು ನಿಂತಿದ್ದಾಳೆ. ಒಂದು ಸಾಲು ಬರೆದು ಬಾಗಿಲಿಗೆ ಹೋಗುತ್ತೇನೆ, ನೋಡಿ ಬಂದು ಇನ್ನೊಂದು ಸಾಲು ಬರೆಯುತ್ತೇನೆ.

ನಾವು ರಸ್ತೆಗಳನ್ನು ಕಾಡಿಗೆ ಬಿಟ್ಟುಕೊಟ್ಟು ಬಹಳ ಕಾಲವಾಯಿತು. ಗುಡ್ಡದಿಂದ ಗುಡ್ಡಕ್ಕೆ ಗಾಳಿದೋಣಿಯಲ್ಲಿ ಹೋಗುತ್ತೇವೆ. ಸೈಕಲ್ಲಿನಷ್ಟು ಹಗುರವಾದ ಒಂದು ಕೂರುಮಣೆ, ಎರಡು ಕಡೆ ಬಟ್ಟೆಯ ರೆಕ್ಕೆ, ಅಷ್ಟೇ. ಔಷಧಿ, ಬಿತ್ತನೆ ಬೀಜ, ಮದುವೆಯ ಕರೆ ಎಲ್ಲವೂ ಹೋಗುವುದು ಅದರಲ್ಲೇ. ನಿಮ್ಮ ಮಕ್ಕಳು ಸೈಕಲ್ ಕಲಿಯುವ ವಯಸ್ಸಿಗೆ ನಮ್ಮವರು ಹಾರಲು ಕಲಿಯುತ್ತಾರೆ. ಕಲಿಯುವ ಕಣಿವೆಗಳ ಕೆಳಗೆ ದೊಡ್ಡ ಬಲೆ ಕಟ್ಟಿರುತ್ತೇವೆ, ಅದಕ್ಕೆ ಮಡಿಲು ಎನ್ನುತ್ತೇವೆ. ಕಲಿಸುವವಳು ನಾನು.

ನಮ್ಮಲ್ಲಿ ಅಂಕುರಮಾಪಕ ಎಂಬ ಯಂತ್ರವೊಂದಿದೆ. ಮಗುವಿನ ಹಣೆಗೆ ಮುಟ್ಟಿಸಿದರೆ ಅದು ಯಾವುದರಲ್ಲಿ ಹುಟ್ಟಾ ಜಾಣ, ಯಾವುದರಲ್ಲಿ ಅಲ್ಲ ಎಂದು ಹೇಳುತ್ತದೆ. ದಾನಮ್ಮನಿಗೆ ಹಾರುವ ಜಾಣತನವಿದೆ ಎಂದು ಹೇಳಿತು. ಅಂಥ ಮಕ್ಕಳ ಮುಂಗೈಗೆ ನೀಲಿ ದಾರ ಕಟ್ಟುತ್ತಾರೆ. ಅವಳ ಅಪ್ಪ ಮಹಾರುದ್ರಪ್ಪ ದೋಣಿಗಳ ರೆಕ್ಕೆ ಹೊಲಿಯುವವನು. ತಾಯಿಯಿಲ್ಲದ ಮಗಳೆಂದು ಅವಳ ಮೇಲೆ ಜೀವವನ್ನೇ ಇಟ್ಟಿದ್ದ. ಬಂದವರ ಮುಂದೆಲ್ಲ ಅವಳ ಕೈ ಎತ್ತಿ ಹಿಡಿದು, "ನೋಡ್ರಿ, ನಮ್ಮ ದಾನಿ ಕಲಿಯೂದ ಬ್ಯಾಡ, ಹುಟ್ತಾನ ಬಂದದ" ಎನ್ನುತ್ತಿದ್ದ.

ಸಣ್ಣ ಕಣಿವೆಗಳನ್ನು ಅವಳು ನಗುನಗುತ್ತ ದಾಟಿದಳು. ಹುಲಿಬಾಯಿ ಕಣಿವೆ ಹಾಗಲ್ಲ, ಅಲ್ಲಿ ಗಾಳಿ ನಡುವೆಯೇ ತಿರುಗುತ್ತದೆ. ಎಲ್ಲರ ಎದುರಿಗೆ ಮಡಿಲಿಗೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೆ ಮಾರನೆಯ ದಿನ ಕೈನೋವು ಎಂದಳು, ಆಮೇಲೆ ಜ್ವರ ಎಂದಳು. ಕೊನೆಗೊಂದು ಬೆಳಿಗ್ಗೆ ಅವಳ ದೋಣಿಯ ರೆಕ್ಕೆ ಉದ್ದಕ್ಕೆ ಸೀಳಿಹೋಗಿತ್ತು.

"ಇಲಿ ಕಡದಾವ" ಎಂದಳು.

ಮಹಾರುದ್ರಪ್ಪ ಬಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದ. ಮಗಳು ಅವನದೇ ಕತ್ತರಿಯಿಂದ ಕತ್ತರಿಸಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಸಿಟ್ಟು ಬರಬೇಕಿತ್ತು, ಅವನು ಮೆಲ್ಲಗೆ ಕೇಳಿದ.

"ನೀಲಿ ದಾರದಾಕಿ ನೀನು. ನಿನಗ್ಯಾತರ ಹೆದರಿಕಿ, ಅವ್ವಾ?"

"ಅದೇ ಹೆದರಿಕಿ, ಅಪ್ಪಾ. ಇನ್ನೊಮ್ಮೆ ಬಿದ್ರ ದಾರ ಸುಳ್ಳಂತ ಎಲ್ಲಾರಿಗೂ ಗೊತ್ತಾಗ್ತದ. ಆಮ್ಯಾಲೆ ನಾ ನಿನಗ ಏನಾಗ್ಲಿ?"

ಮಹಾರುದ್ರಪ್ಪ ಅಲ್ಲೇ ಕೂತು ಸೂಜಿಗೆ ದಾರ ಪೋಣಿಸಿ ಸೀಳನ್ನು ಹೊಲಿಯತೊಡಗಿದ.

ನಾನು ದಾನಮ್ಮನನ್ನು ಹುಲಿಬಾಯಿಗೆ ಕರೆದುಕೊಂಡು ಹೋದೆ. "ಬೀಳೂ ಮುಂದ ಏನಾತು?" ಎಂದು ಕೇಳಿದೆ. ಗಾಳಿ ಎಡಕ್ಕೆ ಹೊರಳಿತು, ತಾನು ಬಲಕ್ಕೆ ಜಗ್ಗಿದೆ ಎಂದಳು. ಮತ್ತೇನು ಮಾಡಬೇಕಿತ್ತು ಎಂದರೆ ಗೊತ್ತಿಲ್ಲವೆಂದಳು. "ಹಂಗಾರ ಗಾಳೀನ ಕೇಳೋಣು ಬಾ" ಎಂದೆ. ಎಕ್ಕದ ಕಾಯಿ ಒಡೆದು ಅದರ ಬಿಳಿ ಹತ್ತಿಯನ್ನು ಕಣಿವೆಗೆ ತೂರಿದೆವು. ಹತ್ತಿ ಅಷ್ಟು ದೂರ ಹೋಗಿ ಎಡಕ್ಕೆ ತಿರುಗಿ, ಒಂದಿಷ್ಟು ಕೆಳಗಿಳಿದು, ಮತ್ತೆ ಮೇಲೆದ್ದಿತು. ಅವಳು ನೋಡಿಯೇ ನೋಡಿದಳು. "ಇಳಿಯಾಕ ಬಿಡಬೇಕಿತ್ತಾ, ಅಕ್ಕೋರ?" ಎಂದಳು. ನನಗೂ ಖಾತ್ರಿಯಿರಲಿಲ್ಲ, ಹಾಗೆಂದೇ ಹೇಳಿದೆ.

ಮರುದಿನ ಮಹಾರುದ್ರಪ್ಪ ಹೊಲಿದ ರೆಕ್ಕೆಯನ್ನು ಹೊತ್ತು ಬಂದ. ಜೀವಮಾನವೆಲ್ಲ ರೆಕ್ಕೆ ಹೊಲಿದವನು ಒಮ್ಮೆಯೂ ಹಾರಿದವನಲ್ಲ. "ನಂಗೂ ಕಲಸ್ರಿ" ಎಂದ. ಮಕ್ಕಳೆಲ್ಲ ನೋಡುತ್ತಿರುವಂತೆಯೇ ಸಣ್ಣ ಕಣಿವೆಗೆ ಜಿಗಿದು, ಮೂಟೆಯ ಹಾಗೆ ಮಡಿಲಿಗೆ ಬಿದ್ದ. ಧೋತರ ಬಲೆಗೆ ಸಿಕ್ಕಿಕೊಂಡಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ದಾನಮ್ಮ. ಆಮೇಲೆ ಓಡಿಹೋಗಿ, "ಅಪ್ಪಾ, ಕಾಲು ಭಾಳ ಜಲ್ದಿ ಎತ್ತಿದಿ. ಏಳು, ಮತ್ತೊಮ್ಮೆ" ಎಂದಳು. ಅವನು ಎದ್ದ. ಆ ಸಂಜೆಯೇ ಅವಳೂ ಹುಲಿಬಾಯಿಗೆ ಜಿಗಿದಳು, ಬಿದ್ದಳು, ಬಿದ್ದಲ್ಲಿಂದಲೇ ಕೂಗಿ ಏನಾಯಿತೆಂದು ಹೇಳಿದಳು. ಹೀಗೇ ಒಂದು ಬೇಸಿಗೆ ಕಳೆಯಿತು.

ಇದೀಗ ಗಾಳಿ ಹದಕ್ಕೆ ಬಂತೆಂದು ಕೊಂಬು ಊದಿದರು. ಹೋಗಿ ಬರುತ್ತೇನೆ.

ಬಂದೆ. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಗಾಳಿ ಹೊರಳಿದಾಗ ಅವಳು ಜಗ್ಗಲಿಲ್ಲ, ಇಳಿಯಲು ಬಿಟ್ಟಳು. ದೋಣಿ ಕುಸಿಯಿತು, ಮಹಾರುದ್ರಪ್ಪ ನನ್ನ ತೋಳು ಹಿಂಡಿದ, ಆಮೇಲೆ ಅದು ಮೇಲೆದ್ದಿತು. ದೋಣಿ ಇಳಿಯುವ ಆಚೆಯ ಕಟ್ಟೆಯನ್ನು ಮುಟ್ಟಲಾಗಲಿಲ್ಲ, ಅದರ ಕೆಳಗಿನ ಬಂಡೆಯ ಮೇಲೆ ಇಳಿದಳು. ಅಲ್ಲಿಂದ ಅವಳ ಕೂಗು ಕೇಳಿಸಿತು: "ಅಕ್ಕೋರ, ಈ ಕಡಿ ಗಾಳಿ ಬ್ಯಾರೆನ ಅದ! ಇಲ್ಲಿಂದ ಹಾರ್ಲ್ಯಾ?"

ನಿಮ್ಮಲ್ಲಿ ಅಂಕುರಮಾಪಕ ಯಂತ್ರವಿನ್ನೂ ಬಂದಿಲ್ಲವಂತೆ. ಆದರೆ ಊಟಕ್ಕೆ ಕೂತಾಗ, ನೆಂಟರು ಬಂದಾಗ, ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗ ನೀವು ಅದರ ಕೆಲಸವನ್ನು ಬಾಯಿಂದಲೇ ಮಾಡುತ್ತೀರಿ ಎಂದು ಕೇಳಿದ್ದೇನೆ. ಇವಳು ಜಾಣೆ, ಇವನಿಗೆ ಲೆಕ್ಕ ಹತ್ತುವುದಿಲ್ಲ ಎನ್ನುತ್ತೀರಿ. ನನ್ನ ಬೇಡಿಕೆ ಇಷ್ಟೆ: ಮಗು ಸೋತು ಬಂದ ದಿನ ಅದು ಏನು ಎಂದು ತೀರ್ಮಾನಿಸಬೇಡಿ. ಎಲ್ಲಿ ತೊಡಕಾಯಿತು ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕೂತಿರಿ.

ಬಾಗಿಲಿಂದ ನೋಡಿದರೆ ದಾನಮ್ಮ ಆ ಬಂಡೆಯ ಮೇಲೆ ಮತ್ತೆ ಹಾರಲು ರೆಕ್ಕೆ ಬಿಚ್ಚಿ ಹರಡುತ್ತಿದ್ದಾಳೆ. ಬೇಡವೆನ್ನುವ ಧೈರ್ಯವೂ ನನಗಿಲ್ಲ, ಹೂಂ ಎನ್ನುವ ಧೈರ್ಯವೂ ಇಲ್ಲ. ಅವಳ ಅಪ್ಪ ಆಗಲೇ ಹೂಂ ಎಂದು ಕೂಗಿದ.

ಹುಸೇನಬಿ