ರೇಡಿಯೇಟರಿನ ಕೆಂಪು ನೀರು

ಡಿಸೆಂಬರ್ ೧೧, ಗುರುವಾರ

ಕೈಯಿಂದ ತುಕ್ಕಿನ ವಾಸನೆ ಹೋಗುತ್ತಿಲ್ಲ. ಎಷ್ಟು ಸೋಪು ಹಚ್ಚಿದರೂ ಅಷ್ಟೇ.

ಹಳೇ ಲಾರಿಯ ಹೀಟರ್ ಮೂರು ಚಳಿಗಾಲದಿಂದ ಬರೀ ತಣ್ಣನೆ ಗಾಳಿ ಊದುತ್ತಿತ್ತು. ಮುಂಜಾನೆ ನನ್ನ ಜೊತೆ ಹಾಲಿನ ಕ್ಯಾನು ಇಳಿಸಲು ಬರುವ ಹೆಂಡತಿಯ ಬೆರಳುಗಳು ಚಳಿಗೆ ಊದಿಕೊಂಡಿವೆ. ಇವತ್ತು ಕೊನೆಗೂ ಮೆಕ್ಯಾನಿಕ್ ಹತ್ತಿರ ಹೋದೆವು. ರೇಡಿಯೇಟರ್ ಬಿಚ್ಚಿದರೆ ತುಕ್ಕು ತಡೆಯುವ ಕೂಲಂಟ್ ಎಲ್ಲಿ, ಬರೀ ತುಕ್ಕಿನ ಕೆಂಪು ರಾಡಿ. ಎಂಜಿನ್ನಿನ ಬಿಸಿ ತರುವ ಹೀಟರಿನ ಕೊಳವೆಗಳೆಲ್ಲ ಅದರಿಂದಲೇ ಕಟ್ಟಿಕೊಂಡಿದ್ದವು.

"ಯಾರಣ್ಣಾ ಇದಕ್ಕೆ ನಲ್ಲಿ ನೀರು ಸುರಿದಿದ್ದು?" ಎಂದು ಅವನು ಕೇಳಿದ.

"ಹಳೇ ಮಾಲೀಕ," ಎಂದುಬಿಟ್ಟೆ. ಪಕ್ಕದಲ್ಲೇ ನಿಂತಿದ್ದ ಹೆಂಡತಿ ಕೈಗವಸು ಸರಿಮಾಡಿಕೊಂಡಳು.

ಪೈಪು ಹಚ್ಚಿ, ನೀರು ತಿಳಿಯಾಗುವವರೆಗೂ ಒಳಗೆಲ್ಲ ತೊಳೆದು, ಹೊಸ ಕೂಲಂಟ್ ತುಂಬುವಷ್ಟರಲ್ಲಿ ಸಂಜೆಯಾಯಿತು. ಮನೆಗೆ ಬರುವ ದಾರಿಯಲ್ಲಿ ಕ್ಯಾಬಿನ್ ಬೆಚ್ಚಗಾಯಿತು. ಅವಳು ಕೈಗವಸು ಕಳಚಿ ಬೆರಳುಗಳನ್ನು ಬಿಸಿಗಾಳಿಗೆ ಹಿಡಿದಳು.

ನನಗೆ ತಡೆಯಲಾಗಲಿಲ್ಲ. "ಆ ನೀರು ಸುರಿದಿದ್ದು ನಾನೇ ಕಣೇ."

"ಗೊತ್ತು ರೀ. ಬಕೆಟ್ ತಂದುಕೊಟ್ಟಿದ್ದು ನಾನಲ್ವಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮೂರು ಚಳಿಗಾಲದಲ್ಲಿ ಒಂದು ಸಲವೂ ಗೊಣಗಲಿಲ್ಲವಲ್ಲ ಇವಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈಗ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಆ ಬೆರಳುಗಳ ಊತ ಇನ್ನು ಇಳಿಯುತ್ತೋ ಇಲ್ಲವೋ. ನಾಳೆ ಡಾಕ್ಟರಿಗೆ ತೋರಿಸೋಣ ಅಂದರೆ ಇವಳು ಬೇಡ ಅಂತಾಳೆ... ಸಾಕು, ಕಣ್ಣು ಎಳೆಯುತ್ತಿದೆ.